ನಿದ್ದೆಗೆ ಕಾವಲು

ಮೈಸೂರಿನ ಒಂದು ನರ್ಸಿಂಗ್ ಹೋಮಿನ ಮೇಲಂತಸ್ತಿನ ಕೋಣೆ. ಸಂಜೆ ಆರು ಗಂಟೆಯ ಸಮಯ. ನಿವೃತ್ತ ಮೇಷ್ಟರೊಬ್ಬರು ದಿಂಬಿಗೆ ಒರಗಿಕೊಂಡು ಮಂಚದ ಮೇಲೆ ಕುಳಿತಿದ್ದರು. ಮರುದಿನ ಬೆಳಿಗ್ಗೆ ಅವರ ಪಿತ್ತಕೋಶವನ್ನು ತೆಗೆಯತಕ್ಕ ಶಸ್ತ್ರಕ್ರಿಯೆ. ಶಸ್ತ್ರವೈದ್ಯರು ಆಗ ತಾನೆ ಬಂದು ಧೈರ್ಯ ಹೇಳಿ ಹೋಗಿದ್ದರು. ಅವರು ಬಂದಾಗ ಮನೆಮಂದಿಯೆಲ್ಲ ಎದ್ದು ನಿಂತರು. ಹೊರಟಾಗ ಮಗ ಲಿಫ್ಟಿನವರೆಗೂ ಹೋಗಿ ಕಳುಹಿಸಿ ಬಂದ. ಹತ್ತು ನಿಮಿಷ ಕಳೆದ ಮೇಲೆ ಮತ್ತೊಬ್ಬಾಕೆ ಒಳಗೆ ಬಂದರು. ನಲವತ್ತೈದರ ಆಸುಪಾಸಿನ ವಯಸ್ಸು, ಹತ್ತಿಯ ಸೀರೆ, ಕೈಯಲ್ಲಿ ರೋಗಿಯ ಫೈಲು. ಈ ಸಲ ಯಾರೂ ಏಳಲಿಲ್ಲ.

"ಬಿ.ಪಿ. ನೋಡುವುದಕ್ಕೆ ಈಗಷ್ಟೆ ಒಬ್ಬರು ಬಂದಿದ್ದರಮ್ಮ," ಎಂದರು ಮೇಷ್ಟರ ಪತ್ನಿ.

"ನಾಳೆ ಇವರಿಗೆ ಮತ್ತು ಬರುವ ಔಷಧ ಕೊಡುವ ಡಾಕ್ಟರು ನಾನು," ಎಂದು ಆಕೆ ನಕ್ಕು, ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು.

ಅನಂತರ ಆಕೆ ಕೇಳಿದ ಪ್ರಶ್ನೆಗಳು ಮನೆಯವರಿಗೆ ಬಹಳ ವಿಚಿತ್ರವಾಗಿ ಕಂಡುವು. ನಿಲ್ಲದೆ ಎಷ್ಟು ಮೆಟ್ಟಿಲು ಹತ್ತುತ್ತೀರಿ? ರಾತ್ರಿ ಗೊರಕೆ ಉಂಟೆ? ಕಟ್ಟಿಸಿದ ಹಲ್ಲು ಇದೆಯೆ? ಯಾವುದಾದರೂ ಹಲ್ಲು ಅಲ್ಲಾಡುತ್ತದೆಯೆ? ಹಿಂದೆ ಆಪರೇಷನ್ ಆಗಿದ್ದಾಗ ಏನಾದರೂ ತೊಂದರೆಯಾಯಿತೆ? ಎಲ್ಲಿ, ಬಾಯಿಯನ್ನು ಅಗಲವಾಗಿ ತೆರೆಯಿರಿ, ನಾಲಗೆ ಚಾಚಿ, ಕತ್ತನ್ನು ಹಿಂದಕ್ಕೆ ಬಾಗಿಸಿ. ಮೂವತ್ತಾರು ವರ್ಷ ಮಕ್ಕಳಿಗೆ ಬಾಯಿ ಮುಚ್ಚಿರೆಂದು ಹೇಳುತ್ತ ಬಂದ ಮೇಷ್ಟರು ವಿಧೇಯ ವಿದ್ಯಾರ್ಥಿಯಂತೆ ಬಾಯಿ ತೆರೆದು ಕುಳಿತರು.

ಡಾಕ್ಟರು ಎದ್ದು ಹೋದ ಮೇಲೆ ಪತ್ನಿ ಮಗನನ್ನು ಕೇಳಿದರು: "ಆಪರೇಷನ್ನು ಹೊಟ್ಟೆಗೆ. ಆಕೆ ಹಲ್ಲನ್ನೇಕೆ ನೋಡಿದರಪ್ಪ?"

ಈ ಪ್ರಶ್ನೆಗೆ ಉತ್ತರ ಹೇಳಹೊರಟರೆ ಒಂದು ವೃತ್ತಿಯ ಕಥೆಯನ್ನೇ ಹೇಳಬೇಕಾಗುತ್ತದೆ.

ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿದ ರೋಗಿಯ ರಕ್ತನಾಳಕ್ಕೆ ಹಾಲಿನಂತೆ ಬೆಳ್ಳಗಿರುವ ಒಂದು ಔಷಧವನ್ನು ಹರಿಯಬಿಡುತ್ತಾರೆ. ಅದರ ಹೆಸರು ಪ್ರೊಪೊಫಾಲ್. ನಿಮಿಷ ತುಂಬುವುದರೊಳಗಾಗಿ ರೋಗಿಗೆ ಪ್ರಜ್ಞೆ ಇರುವುದಿಲ್ಲ. ಇದನ್ನು ಜನ ನಿದ್ದೆಯೆನ್ನುತ್ತಾರೆ. ರೋಗಿಯ ಸಮಾಧಾನಕ್ಕೆಂದು ವೈದ್ಯರೂ ಹಾಗೆಯೇ ಹೇಳುತ್ತಾರೆ. ನಿದ್ದೆಯಲ್ಲಿರುವವನನ್ನು ಚಿವುಟಿದರೆ ಎದ್ದು ಕೂರುತ್ತಾನೆ. ಗಂಟಲಿಗೆ ಏನಾದರೂ ಬಂದರೆ ಕೆಮ್ಮುತ್ತಾನೆ. ಅವನ ಉಸಿರು ತನ್ನ ಪಾಡಿಗೆ ತಾನು ಆಡುತ್ತಿರುತ್ತದೆ. ಈ ಸ್ಥಿತಿಯಲ್ಲಿ ಅಂಥ ರಕ್ಷಣೆಯೊಂದೂ ಉಳಿಯುವುದಿಲ್ಲ. ಹೊಟ್ಟೆಯ ಸ್ನಾಯುಗಳು ಸಡಿಲವಾಗಲೆಂದು ಕೊಡುವ ಇನ್ನೊಂದು ಔಷಧದಿಂದ ಉಸಿರಾಟದ ಸ್ನಾಯುಗಳೂ ಕೆಲಸ ನಿಲ್ಲಿಸಿಬಿಡುತ್ತವೆ. ಆ ಕ್ಷಣದಿಂದ ರೋಗಿಯ ಉಸಿರು, ಅವನ ತಲೆಯ ಬಳಿ ನಿಂತ ವೈದ್ಯರ ಕೈಯಲ್ಲಿರುತ್ತದೆ.

ಆಗ ವೈದ್ಯರು ತುದಿಯಲ್ಲಿ ದೀಪವಿರುವ ಒಂದು ಲೋಹದ ಪಟ್ಟಿಯಿಂದ ನಾಲಗೆಯನ್ನು ಮೇಲಕ್ಕೆತ್ತಿ, ಧ್ವನಿತಂತುಗಳ ನಡುವಣ ಕಿರಿದಾದ ದಾರಿಯನ್ನು ಕಂಡುಹಿಡಿದು, ಅದರ ಮೂಲಕ ಶ್ವಾಸನಾಳಕ್ಕೆ ಒಂದು ಕೊಳವೆಯನ್ನು ಇಳಿಸುತ್ತಾರೆ. ಬಾಯಿ ಸಾಕಷ್ಟು ತೆರೆಯದಿದ್ದರೆ, ಕತ್ತು ಹಿಂದಕ್ಕೆ ಬಾಗದಿದ್ದರೆ ಆ ದಾರಿ ಕಾಣುವುದಿಲ್ಲ. ಅಲ್ಲಾಡುವ ಹಲ್ಲೊಂದು ಕಳಚಿದರೆ ಅದು ಶ್ವಾಸನಾಳಕ್ಕೆ ಬೀಳಬಹುದು. ಪ್ರಾಣವಾಯುವಿಲ್ಲದೆ ಮಿದುಳು ತಾಳುವುದು ಕೆಲವೇ ನಿಮಿಷಗಳ ಕಾಲ. ಆ ಕೆಲವು ನಿಮಿಷಗಳಲ್ಲಿ ಗಾಬರಿಯಾಗಬಾರದೆಂದೇ ಹಿಂದಿನ ಸಂಜೆ ಅಷ್ಟು ನಿಧಾನವಾಗಿ ಬಾಯಿಯನ್ನೂ ಹಲ್ಲನ್ನೂ ನೋಡುವುದು.

ಕೊಳವೆ ಇಳಿದ ಮೇಲೆ ರೋಗಿಯ ಕತ್ತಿನ ಬಳಿ ಒಂದು ಬಟ್ಟೆಯ ಪರದೆ ಬರುತ್ತದೆ. ಪರದೆಯ ಆ ಬದಿಗೆ ಪ್ರಖರವಾದ ದೀಪ, ಶಸ್ತ್ರವೈದ್ಯರು, ಅವರ ಸಹಾಯಕರು. ಈ ಬದಿಗೆ ರೋಗಿಯ ಮುಖ ಮತ್ತು ಅರಿವಳಿಕೆಯ ವೈದ್ಯರು. ಹೃದಯದ ಬಡಿತ, ರಕ್ತದ ಒತ್ತಡ, ರಕ್ತದಲ್ಲಿ ಕೂಡಿರುವ ಪ್ರಾಣವಾಯು, ಹೊರಬರುವ ಇಂಗಾಲಾಮ್ಲ—ಇವೆಲ್ಲ ಗಾಜಿನ ಪರದೆಯ ಮೇಲೆ ಗೆರೆಗಳಾಗಿ ಓಡುತ್ತಿರುತ್ತವೆ. ಬೆರಳಿಗೆ ಸಿಕ್ಕಿಸುವ ಪುಟ್ಟ ಆಕ್ಸಿಮೀಟರನ್ನು ಕೋವಿಡ್ ಕಾಲದಲ್ಲಿ ಎಲ್ಲರೂ ಕಂಡರು. ಅದರ ಮೂಲತತ್ತ್ವವನ್ನು 1974ರಲ್ಲಿ ಪ್ರಕಟಿಸಿದವರು ಜಪಾನಿನ ತಾಕುವೊ ಅವೊಯಾಗಿ. ಶಸ್ತ್ರಕ್ರಿಯೆಯ ಕೋಣೆಯಲ್ಲಿ ಅದು ಪ್ರತಿ ಬಡಿತಕ್ಕೂ ಒಂದು ಸದ್ದು ಮಾಡುತ್ತದೆ. ರಕ್ತದಲ್ಲಿ ಪ್ರಾಣವಾಯು ಇಳಿದಂತೆ ಆ ಸದ್ದಿನ ಶ್ರುತಿಯೂ ಇಳಿಯುತ್ತದೆ. ನುರಿತ ವೈದ್ಯರು ಬೆನ್ನು ತಿರುಗಿಸಿ ಸೂಜಿಗೆ ಔಷಧ ತುಂಬುತ್ತಿದ್ದರೂ ಅವರ ಕಿವಿ ಅಲ್ಲೇ ಇರುತ್ತದೆ. ತಂಬೂರಿಯ ತಂತಿ ಕೂದಲೆಳೆಯಷ್ಟು ಸಡಿಲಿಸಿದರೂ ಗವಾಯಿಗೆ ತಿಳಿಯುವಂತೆ, ಇವರಿಗೆ ಆ ಶ್ರುತಿಯ ಜಾರುವಿಕೆ ತಿಳಿಯುತ್ತದೆ.

ನೋವು ತಿಳಿಯದಿರುವುದು, ಪ್ರಜ್ಞೆ ಇಲ್ಲದಿರುವುದು, ಮೈ ಅಲುಗದಿರುವುದು—ಈ ಮೂರೂ ಬೇರೆ ಬೇರೆ; ಮೂರಕ್ಕೂ ಬೇರೆ ಬೇರೆ ಔಷಧಗಳುಂಟು. ರೋಗಿಯ ತೂಕ, ವಯಸ್ಸು, ಮೂತ್ರಪಿಂಡಗಳ ಶಕ್ತಿ, ಹರಿದುಹೋದ ರಕ್ತ ಇವುಗಳ ಲೆಕ್ಕದ ಮೇಲೆ ಪ್ರಮಾಣವನ್ನು ಏರಿಸುತ್ತ ಇಳಿಸುತ್ತ ಇರಬೇಕು. ಕೊನೆಯ ಹೊಲಿಗೆ ಮುಗಿಯುವ ಹೊತ್ತಿಗೆ ರೋಗಿಯನ್ನು ಮೆಲ್ಲನೆ ಈಚೆಗೆ ಕರೆತರಬೇಕು. ಅವನು ತಾನಾಗಿ ಉಸಿರಾಡಿ, ಕರೆದರೆ ಕಣ್ಣು ತೆರೆದು, ಕೈ ಅದುಮಿ ಎಂದರೆ ಅದುಮಿದ ಮೇಲೆಯೇ ಕೊಳವೆಯನ್ನು ತೆಗೆಯುವುದು.

ಇಂದು ಇಷ್ಟು ಮೌನವಾಗಿ ನಡೆಯುವ ಈ ವಿದ್ಯೆ ಹುಟ್ಟಿದ್ದು ಕೀರ್ತಿಗಾಗಿ ನಡೆದ ಒಂದು ದೊಡ್ಡ ಜಗಳದ ನಡುವೆ. ಅದಕ್ಕೂ ಮುಂಚೆ ಶಸ್ತ್ರವೈದ್ಯನ ಹಿರಿಮೆಯನ್ನು ಅಳೆಯುತ್ತಿದ್ದುದು ಅವನ ಕೈಯ ವೇಗದಿಂದ. ರೋಗಿಯನ್ನು ಹಿಡಿದುಕೊಳ್ಳುವುದಕ್ಕೆ ಬಲವಾದ ಆಳುಗಳು ಬೇಕಾಗಿದ್ದರು. 1804ರಲ್ಲಿ ಜಪಾನಿನ ಹನಾವೊಕಾ ಸೇಯಿಶು ಎಂಬ ವೈದ್ಯ, ನಮ್ಮ ಬೇಲಿಗಳಲ್ಲೂ ಕಾಣುವ ದತ್ತೂರಿಯ ಜಾತಿಯ ಗಿಡವೊಂದರಿಂದ ಮಾಡಿದ ಕಷಾಯವನ್ನು ಕುಡಿಸಿ ಒಬ್ಬ ಹೆಂಗಸಿನ ಎದೆಯ ಗಡ್ಡೆಯನ್ನು ತೆಗೆದಿದ್ದ. ಆ ಔಷಧದ ಪ್ರಯೋಗಕ್ಕೆ ಒಪ್ಪಿ ಅವನ ಹೆಂಡತಿ ಕಣ್ಣನ್ನೇ ಕಳೆದುಕೊಂಡಳೆಂದು ಹೇಳುತ್ತಾರೆ. ಆದರೆ ಜಪಾನಿನ ಬಾಗಿಲು ಆಗ ಮುಚ್ಚಿತ್ತು. ಈ ಸಂಗತಿ ಹೊರಗಿನ ಪ್ರಪಂಚಕ್ಕೆ ತಿಳಿಯಲಿಲ್ಲ.

ಪ್ರಪಂಚಕ್ಕೆ ತಿಳಿದದ್ದು 1846ರ ಅಕ್ಟೋಬರ್ 16ರಂದು. ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ಹಲ್ಲಿನ ವೈದ್ಯ ರೋಗಿಯೊಬ್ಬನಿಗೆ ಈಥರಿನ ಆವಿಯನ್ನು ಮೂಸಿಸಿದ. ಜಾನ್ ಕಾಲಿನ್ಸ್ ವಾರೆನ್ ಎಂಬ ಹಿರಿಯ ಶಸ್ತ್ರವೈದ್ಯರು ಅವನ ಕತ್ತಿನ ಗಡ್ಡೆಯ ಮೇಲೆ ಶಸ್ತ್ರಕ್ರಿಯೆ ನಡೆಸಿದರು. ರೋಗಿ ಕಿರುಚಲಿಲ್ಲ. ಇಂದಿಗೂ ಆ ದಿನವನ್ನು ವಿಶ್ವ ಅರಿವಳಿಕೆ ದಿನವೆಂದು ಆಚರಿಸುತ್ತಾರೆ. ಆದರೆ ಮಾರ್ಟನ್ನನ ಬೆನ್ನಲ್ಲೇ ಹಕ್ಕು ಕೇಳಲು ಇತರರು ಎದ್ದರು. ಈಥರಿನ ಸಲಹೆ ಕೊಟ್ಟವನು ತಾನೆಂದು ಚಾರ್ಲ್ಸ್ ಜಾಕ್ಸನ್ ಎಂಬ ರಸಾಯನಶಾಸ್ತ್ರಜ್ಞ ಹೇಳಿದ. ಹೊರೇಸ್ ವೆಲ್ಸ್ ಎಂಬ ಇನ್ನೊಬ್ಬ ಹಲ್ಲಿನ ವೈದ್ಯ 1845ರಲ್ಲಿಯೇ ನಗೆಯನಿಲವನ್ನು ಪ್ರದರ್ಶಿಸಲು ಹೋಗಿ, ರೋಗಿ ನರಳಿದ್ದರಿಂದ ಅಪಹಾಸ್ಯಕ್ಕೆ ಗುರಿಯಾಗಿದ್ದ. ಜಾರ್ಜಿಯಾದ ಕ್ರಾಫರ್ಡ್ ಲಾಂಗ್ 1842ರಲ್ಲಿಯೇ ಈಥರನ್ನು ಬಳಸಿದ್ದ. ಅದನ್ನು ಪ್ರಕಟಿಸಿದ್ದು ಮಾತ್ರ 1849ರಲ್ಲಿ. ವೆಲ್ಸ್ 1848ರಲ್ಲಿ ನ್ಯೂಯಾರ್ಕಿನ ಸೆರೆಮನೆಯಲ್ಲಿ ತನ್ನ ಕೈಯಿಂದಲೇ ಪ್ರಾಣ ಕಳೆದುಕೊಂಡ. ಜಾಕ್ಸನ್ನನ ಕೊನೆಯ ವರ್ಷಗಳು ಮಾನಸಿಕ ಆಸ್ಪತ್ರೆಯಲ್ಲಿ ಕಳೆದುವು. 1868ರಲ್ಲಿ ಬಾಸ್ಟನ್ನಿನ ಉದ್ಯಾನದಲ್ಲಿ ಈಥರಿಗಾಗಿ ಒಂದು ಸ್ಮಾರಕ ಎದ್ದಿತು. ಅದರ ಮೇಲೆ ಕಂಡುಹಿಡಿದವನ ಹೆಸರೇ ಇಲ್ಲ! ಅಂದಿನಿಂದ ಹೆಸರಿಲ್ಲದಿರುವುದು ಈ ವೃತ್ತಿಯ ಹಣೆಯಲ್ಲಿಯೇ ಬರೆದಂತಾಯಿತು.

ಕೊಟ್ಟ ಔಷಧದ ಮೇಲೆ ಕಣ್ಣಿಡಬೇಕೆಂಬ ಪಾಠವೂ ಬೇಗನೆ ಬಂತು. 1847ರ ನವೆಂಬರಿನಲ್ಲಿ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರಮನ್ನು ಬಳಕೆಗೆ ತಂದರು. 1848ರ ಜನವರಿಯಲ್ಲಿ, ಇಂಗ್ಲೆಂಡಿನ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲಿನ ಉಗುರು ತೆಗೆಸಿಕೊಳ್ಳಲು ಕ್ಲೋರೋಫಾರಂ ಮೂಸಿ ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ಈ ಔಷಧ ಕೊಲ್ಲುವುದು ಹೇಗೆಂಬ ಚರ್ಚೆ ನಮ್ಮ ನಾಡಿಗೂ ಬಂತು. 1888 ಮತ್ತು 1889ರಲ್ಲಿ ನಿಜಾಮರ ಹಣದಿಂದ ಹೈದರಾಬಾದಿನಲ್ಲಿ ಎರಡು ಕ್ಲೋರೋಫಾರಂ ಆಯೋಗಗಳು ಕೆಲಸ ಮಾಡಿದುವು. ಉಸಿರನ್ನು ನೋಡಿಕೊಂಡರೆ ಸಾಕು, ಹೃದಯಕ್ಕೆ ಭಯವಿಲ್ಲವೆಂಬ ಅವುಗಳ ತೀರ್ಮಾನ ಮುಂದೆ ನಿಲ್ಲಲಿಲ್ಲ. ಎರಡನ್ನೂ ನೋಡಿಕೊಳ್ಳಬೇಕೆಂದು ತಿಳಿಯಿತು. ಆ ಕಾಲದಲ್ಲಿ ಹೈದರಾಬಾದಿನಲ್ಲಿ ಕ್ಲೋರೋಫಾರಂ ಕೊಡುತ್ತಿದ್ದ ರೂಪಾಬಾಯಿ ಫರ್ದೂನ್‌ಜಿ ಎಂಬಾಕೆಯನ್ನು ಪ್ರಪಂಚದ ಮೊದಮೊದಲ ಅರಿವಳಿಕೆ ವೈದ್ಯೆಯರಲ್ಲಿ ಒಬ್ಬರೆಂದು ಎಣಿಸುತ್ತಾರೆ.

ಮೇಷ್ಟರ ಹಲ್ಲು ನೋಡಿದ ಡಾಕ್ಟರು ಈ ದಾರಿಗೆ ಬಂದದ್ದೂ ಒಂದು ರಾತ್ರಿಯ ನಿಮಿತ್ತದಿಂದ. ಹೌಸ್ ಸರ್ಜನ್ ಆಗಿದ್ದಾಗ ಹೆರಿಗೆಯಾದ ಒಬ್ಬ ಹುಡುಗಿಗೆ ರಕ್ತಸ್ರಾವ ನಿಲ್ಲದೆ ಎಲ್ಲರೂ ಓಡಾಡುತ್ತಿದ್ದರು. ತಲೆಯ ಬಳಿ ನಿಂತಿದ್ದ ನರೆಗೂದಲಿನ ವೈದ್ಯರೊಬ್ಬರು ಮಾತ್ರ ಅವಳ ನಾಡಿಯ ಮೇಲೆ ಬೆರಳಿಟ್ಟುಕೊಂಡು, ದನಿ ಎತ್ತದೆ, ಒಂದಾದ ಮೇಲೊಂದರಂತೆ ಬೇಕಾದುದನ್ನು ಹೇಳುತ್ತಿದ್ದರು. ಹುಡುಗಿ ಉಳಿದಳು. ಐದೂವರೆ ವರ್ಷದ ಎಂ.ಬಿ.ಬಿ.ಎಸ್. ಮುಗಿಸಿ, ಪ್ರವೇಶ ಪರೀಕ್ಷೆ ಬರೆದು, ಇನ್ನೂ ಮೂರು ವರ್ಷದ ಎಂ.ಡಿ.ಗೆ ಅರಿವಳಿಕೆಯನ್ನೇ ಆರಿಸಿಕೊಂಡಾಗ, "ಇಷ್ಟೆಲ್ಲ ಓದಿ ಬರೀ ಮತ್ತು ಬರಿಸುವುದೇನೇ?" ಎಂದು ಸೋದರತ್ತೆ ನೊಂದುಕೊಂಡರು. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ತಂದೆ, "ಕ್ಯಾಷಿಯರ್ ಕೌಂಟರಿನಲ್ಲಿ ಇರುತ್ತಾನೆ, ಬೀಗದ ಕೈ ಒಳಗಿನವನ ಹತ್ತಿರ ಇರುತ್ತದೆ. ಓದಲಿ ಬಿಡು," ಎಂದರು.

ಅತ್ತೆಯ ಮಾತು ಪೂರ್ತಿ ಸುಳ್ಳಾಗಲಿಲ್ಲ. ಈ ವೃತ್ತಿಯವರಿಗೆ ಮನೆಯ ಮುಂದೆ ಫಲಕವಿಲ್ಲ, ತಮ್ಮವರೆನ್ನುವ ರೋಗಿಗಳಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಸಂಬಳಕ್ಕೆ ಇರಬೇಕು, ಇಲ್ಲವೆ ಕರೆ ಬಂದ ಕಡೆಗೆಲ್ಲ ಹೋಗಬೇಕು. ಆಕೆ ಎರಡನೆಯ ದಾರಿಯವರು. ಕಾರಿನ ಹಿಂದಿನ ಸೀಟಿನಲ್ಲಿ ಸದಾ ಒಂದು ಚೀಲ. ಬೆಳಿಗ್ಗೆ ಆರೂವರೆಗೆ ಸರಸ್ವತೀಪುರ, ಹತ್ತಕ್ಕೆ ಕುವೆಂಪುನಗರ, ಮಧ್ಯಾಹ್ನ ಜಯಲಕ್ಷ್ಮೀಪುರ. ಹೋದ ಕಡೆಯಲ್ಲೆಲ್ಲ ಆಮ್ಲಜನಕದ ಸಿಲಿಂಡರು ತುಂಬಿದೆಯೆ, ಯಂತ್ರ ಸೋರುತ್ತಿದೆಯೆ ಎಂದು ತಾವೇ ನೋಡಿಕೊಳ್ಳಬೇಕು. ರಾತ್ರಿ ಎರಡು ಗಂಟೆಗೆ ಹೆರಿಗೆ ಕಷ್ಟವಾಗಿದೆಯೆಂದು ಫೋನು ಬಂದರೆ ಹೋಗದಿರುವಂತಿಲ್ಲ. ಊರು ಬಿಡಬೇಕಾದರೆ ತಮ್ಮ ಬದಲು ಒಬ್ಬರನ್ನು ಗೊತ್ತುಮಾಡಿಯೇ ಹೊರಡಬೇಕು. ಶಸ್ತ್ರಕ್ರಿಯೆ ರದ್ದಾದರೆ ಆ ದಿನದ ಸಂಪಾದನೆಯೂ ರದ್ದು. ನಡೆದರೂ ಹಣ ಕೈಸೇರುವುದು ಒಮ್ಮೊಮ್ಮೆ ತಿಂಗಳುಗಳ ಮೇಲೆ. ಹಣ ತೆಗೆದುಕೊಂಡು ಕೊಡುವ ವೈದ್ಯಸೇವೆಯೂ ಗ್ರಾಹಕರ ಕಾನೂನಿಗೆ ಒಳಪಡುತ್ತದೆಂದು 1995ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ, ಬರೆದಿಡದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ. ಆದ್ದರಿಂದ ಆಗಾಗ ಎಲ್ಲವನ್ನೂ ಬರೆಯುತ್ತಲೇ ಇರಬೇಕು. ಇನ್ನು ಸಿಸೇರಿಯನ್ ಆದ ತಾಯಂದಿರಿಗೆ ಹತ್ತು ವರ್ಷದ ಮೇಲೆ ಬೆನ್ನು ನೋವು ಬಂದರೂ, "ಆವತ್ತು ಬೆನ್ನಿಗೆ ಚುಚ್ಚಿದರಲ್ಲ, ಅದರಿಂದಲೇ," ಎಂಬ ಮಾತು ತಪ್ಪದು. ಆ ಸೂಜಿಯಿಂದ ಕೆಲವರಿಗೆ ಕೆಲವು ದಿನ ತಲೆನೋವು ಬರುವುದುಂಟು. ಬಾಳೆಲ್ಲ ಬೆನ್ನುನೋವು ಬರುತ್ತದೆಂಬುದಕ್ಕೆ ಆಧಾರವಿಲ್ಲ.

ಇವೆಲ್ಲವನ್ನೂ ಆಕೆ ನಕ್ಕು ಸಹಿಸಬಲ್ಲರು. ಸಹಿಸಲಾರದ್ದು ಒಂದೇ, ರೋಗಿಯ ಕಡೆಯವರು ಪ್ರೀತಿಯಿಂದ ಹೇಳುವ ಸುಳ್ಳು.

ಕೆಲವು ವರ್ಷಗಳ ಹಿಂದೆ ಏಳು ವರ್ಷದ ಹುಡುಗನೊಬ್ಬ ಸೀಬೆಮರದಿಂದ ಬಿದ್ದು ಮೊಣಕೈ ಮುರಿದುಕೊಂಡಿದ್ದ. ಬೆಳಿಗ್ಗೆ ಹತ್ತಕ್ಕೆ ಶಸ್ತ್ರಕ್ರಿಯೆ. ಏನಾದರೂ ತಿಂದಿದ್ದಾನೆಯೆ ಎಂದು ಡಾಕ್ಟರು ಕೇಳಿದರು. "ಹನಿ ನೀರು ಸಹ ಕೊಟ್ಟಿಲ್ಲ," ಎಂದರು ಅಜ್ಜಿ. ಹುಡುಗನ ತುಟಿಯ ಅಂಚಿನಲ್ಲಿ ಏನೋ ಬೆಳ್ಳಗೆ ಒಣಗಿತ್ತು. ಅಜ್ಜಿಯನ್ನು ನೆವ ಹೇಳಿ ಹೊರಗೆ ಕಳುಹಿಸಿ ಡಾಕ್ಟರು ಅವನ ಪಕ್ಕದಲ್ಲಿ ಕುಳಿತರು. "ಬೆಳಿಗ್ಗೆ ಇಡ್ಲಿಯೋ ದೋಸೆಯೋ, ಮರಿ?" ಎಂದು ಕೇಳಿದರು. "ಎರಡಿಡ್ಲಿ. ಆಮೇಲೆ ಹಾಲು," ಎಂದ ಹುಡುಗ.

ಶಸ್ತ್ರಕ್ರಿಯೆಯನ್ನು ಸಂಜೆಗೆ ಹಾಕಬೇಕೆಂದಾಗ ಎಲ್ಲರಿಗೂ ಕೋಪ ಬಂತು. ಶಸ್ತ್ರವೈದ್ಯರಿಗೆ ಬೇರೆ ಕೆಲಸಗಳಿದ್ದುವು, ತಂದೆ ರಜಾ ಹಾಕಿ ಬಂದಿದ್ದರು, "ಎರಡು ಇಡ್ಲಿಗೆ ಇಷ್ಟು ರಂಪವೇ?" ಎಂದರು. ಕೈಗೆ ರಕ್ತ ಸರಿಯಾಗಿ ಹರಿಯುತ್ತಿದ್ದುದರಿಂದ ಕಾಯುವುದಕ್ಕೆ ಅಡ್ಡಿಯಿರಲಿಲ್ಲ. ಆಕೆ ಮಣಿಯಲಿಲ್ಲ, ವಾದ ಮಾಡಲೂ ಇಲ್ಲ. ಮುಕ್ಕಾಲು ಗಂಟೆಯ ಮೇಲೆ ಹುಡುಗ ನೋವಿನಿಂದ ಹೊಟ್ಟೆ ತೊಳಸಿ ತಿಂದುದನ್ನೆಲ್ಲ ಅಜ್ಜಿಯ ಮಡಿಲಲ್ಲಿಯೇ ಕಕ್ಕಿದ. ಅದೇ ಹೊತ್ತಿಗೆ ಅವನು ಪ್ರಜ್ಞೆಯಿಲ್ಲದೆ ಮೇಜಿನ ಮೇಲೆ ಮಲಗಿದ್ದಿದ್ದರೆ, ಕೆಮ್ಮುವ ಶಕ್ತಿಯಿಲ್ಲದ ಆ ಗಂಟಲಿನಿಂದ ಅಷ್ಟೂ ಪುಪ್ಪುಸಕ್ಕೆ ಇಳಿಯುವ ಅಪಾಯವಿತ್ತು. ಯಾರೂ ಮಾತನಾಡಲಿಲ್ಲ. ಅಜ್ಜಿ ಸೆರಗಿನಿಂದ ಮಗುವಿನ ಬಾಯಿ ಒರಸುತ್ತ, "ಹಸಿದಿದ್ದನಮ್ಮ, ನನ್ನ ಕೈಲಿ ನೋಡಲಾಗಲಿಲ್ಲ," ಎಂದು ಅತ್ತರು. ರಾತ್ರಿ ಎಂಟಕ್ಕೆ ಶಸ್ತ್ರಕ್ರಿಯೆ ಸುಗಮವಾಗಿ ನಡೆಯಿತು.

ಆದ್ದರಿಂದ ಗಟ್ಟಿ ಆಹಾರ ತಿಂದು ಆರು ಗಂಟೆಯಾದರೂ ಆಗಿರಬೇಕು, ಬರಿಯ ನೀರು ಕುಡಿದು ಎರಡು ಗಂಟೆಯಾದರೂ ಆಗಿರಬೇಕು ಎಂಬುದು ಸಾಮಾನ್ಯ ನಿಯಮ. ಎಣ್ಣೆಯ ತಿಂಡಿಗೆ ಇನ್ನೂ ಹೆಚ್ಚು. ಹಾಲು ಬೆರೆಸಿದ ಕಾಫಿಯನ್ನು ನೀರೆಂದು ಎಣಿಸುವಂತಿಲ್ಲ. ಬೀಡಿ, ಸಿಗರೇಟು, ಮದ್ಯ, ರಕ್ತ ತೆಳುವಾಗಿಸುವ ಮಾತ್ರೆ, ಯಾರಿಗೂ ತಿಳಿಸದೆ ನುಂಗುವ ನಾಟಿ ಔಷಧ—ಇವನ್ನು ಮನೆಯವರ ಮುಂದೆ ಹೇಳಲು ಸಂಕೋಚವಾದರೆ ಅವರನ್ನು ಹೊರಗೆ ಕಳುಹಿಸಿಯಾದರೂ ಈ ಡಾಕ್ಟರಿಗೆ ಹೇಳಬೇಕು.

ಈ ವೈದ್ಯರ ಕೆಲಸ ಶಸ್ತ್ರಕ್ರಿಯೆಯ ಕೋಣೆಯಲ್ಲಿಯೇ ಮುಗಿಯುವುದಿಲ್ಲ. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಹರಡಿ, ಉಸಿರಾಡಲಾರದ ರೋಗಿಗಳು ಸಾಲುಸಾಲಾಗಿ ಸಾಯುತ್ತಿದ್ದಾಗ, ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು 12 ವರ್ಷದ ಹುಡುಗಿಯೊಬ್ಬಳ ಕತ್ತಿನ ಮೂಲಕ ಶ್ವಾಸನಾಳಕ್ಕೆ ಕೊಳವೆಯಿಟ್ಟು ಕೈಯಿಂದಲೇ ಚೀಲವನ್ನೊತ್ತಿ ಉಸಿರು ಕೊಟ್ಟು ಬದುಕಿಸಿದರು. ಅನಂತರ ನೂರಾರು ವೈದ್ಯವಿದ್ಯಾರ್ಥಿಗಳು ಹಗಲಿರುಳೂ ಸರದಿಯ ಮೇಲೆ ಚೀಲವನ್ನು ಒತ್ತುತ್ತ ಕುಳಿತರು. ಇಂದಿನ ತೀವ್ರ ನಿಗಾ ಘಟಕಗಳು ಬೆಳೆದುಬಂದದ್ದು ಅಲ್ಲಿಂದ. 2020 ಮತ್ತು 2021ರಲ್ಲಿ ಕೋವಿಡ್ ಬಂದಾಗ ರೋಗಿಯ ಬಾಯಿಗೆ ಗೇಣು ದೂರದಲ್ಲಿ ಮುಖವಿಟ್ಟು ಕೊಳವೆ ಇಳಿಸಿದವರಲ್ಲಿ ಈ ವೃತ್ತಿಯವರೇ ಮುಂದಿದ್ದರು. ಆ ತಿಂಗಳುಗಳಲ್ಲಿ ನಮ್ಮ ಡಾಕ್ಟರು ಮನೆಯ ಮಹಡಿಯ ಕೋಣೆಯಲ್ಲಿ ಒಬ್ಬರೇ ಇದ್ದರು. ಮಗಳು ಮೆಟ್ಟಿಲಿನ ಮೇಲೆ ಊಟದ ತಟ್ಟೆಯನ್ನಿಟ್ಟು ಕೆಳಗಿಳಿಯುತ್ತಿದ್ದಳು. ಲಕ್ಷ ಜನಕ್ಕೆ ಕೊನೆಯ ಪಕ್ಷ ಐದು ಮಂದಿ ಇಂಥ ತಜ್ಞರಿರಬೇಕೆಂಬುದು ವಿಶ್ವ ಅರಿವಳಿಕೆ ಸಂಘಗಳ ಒಕ್ಕೂಟದ ಗುರಿ. ನಮ್ಮ ದೇಶದಲ್ಲಿ ಅದಕ್ಕಿಂತ ಬಹಳ ಕಡಮೆ; ಇರುವವರಲ್ಲಿಯೂ ಹೆಚ್ಚಿನವರು ನಗರಗಳಲ್ಲಿ. ಹೆರಿಗೆಯ ಶಸ್ತ್ರಕ್ರಿಯೆ ಮಾಡಬಲ್ಲವರಿದ್ದೂ ಅರಿವಳಿಕೆ ಕೊಡುವವರಿಲ್ಲದೆ ತಾಯಿಯನ್ನು ಜಿಲ್ಲಾ ಆಸ್ಪತ್ರೆಗೆ ಸಾಗಿಸಬೇಕಾದ ಸಂದರ್ಭಗಳು ಈಗಲೂ ಇವೆ.

ಕೋವಿಡ್ಡಿಗೆ ಮುಂಚಿನ ವರ್ಷ ಆಕೆಯ ತಂದೆಗೆ ಕರುಳಿನ ಗಡ್ಡೆಗೆಂದು ಶಸ್ತ್ರಕ್ರಿಯೆಯಾಯಿತು. ಸ್ವಂತದವರಿಗೆ ಅರಿವಳಿಕೆ ಕೊಡಬಾರದೆಂದು ಆಕೆ ನಿಶ್ಚಯಿಸಿ, ಸ್ನೇಹಿತರೊಬ್ಬರಿಗೆ ಒಪ್ಪಿಸಿ, ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತರು. ಒಳಗೆ ಯಾವ ನಿಮಿಷಕ್ಕೆ ಏನಾಗುತ್ತಿರಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದುದೇ ಕಷ್ಟವಾಯಿತು. ನರ್ಸು ಬಾಗಿಲು ತೆರೆದಾಗಲೆಲ್ಲ ಒಳಗಿನ ಸದ್ದು ಒಂದೆರಡು ಬಡಿತದಷ್ಟು ಹೊರಗೆ ಬರುತ್ತಿತ್ತು. ಆಕೆ ಉಸಿರು ಬಿಗಿಹಿಡಿದು ಅದರ ಶ್ರುತಿಯನ್ನು ಕೇಳಿಸಿಕೊಳ್ಳುತ್ತಿದ್ದರು. ಮೂರು ಗಂಟೆಯ ಮೇಲೆ ಶಸ್ತ್ರವೈದ್ಯರು ಬಂದು ಎಲ್ಲ ಸರಿಹೋಯಿತೆಂದರು. ಅವರ ಎದೆ ಇಳಿಯಲಿಲ್ಲ. ಮತ್ತೆ ಕಾಲು ಗಂಟೆ ಕಳೆದು ಸ್ನೇಹಿತರು ಬಂದು, "ಎಚ್ಚರವಾಗಿದ್ದಾರೆ. ಕೈ ಅದುಮಿ ಎಂದರೆ ಅದುಮಿದರು," ಎಂದ ಮೇಲೆಯೇ ಕಣ್ಣಲ್ಲಿ ನೀರು ಬಂದದ್ದು.

ಇಷ್ಟು ವರ್ಷ ಎಷ್ಟು ಮಂದಿ ಹೀಗೆ ಬೆಂಚಿನ ಮೇಲೆ ಕುಳಿತಿದ್ದರೋ, ತಾವು ಹಿಂಬಾಗಿಲಿನಿಂದ ಇನ್ನೊಂದು ನರ್ಸಿಂಗ್ ಹೋಮಿಗೆ ಹೊರಟುಬಿಡುತ್ತಿದ್ದುದು ಆಕೆಗೆ ಆಗ ನೆನಪಾಯಿತು. ಅಂದಿನಿಂದ, ಎಷ್ಟೇ ಅವಸರವಿರಲಿ, ಒಂದು ನಿಮಿಷ ಹೊರಗೆ ಬಂದು ಆ ಒಂದು ಮಾತನ್ನು ಹೇಳಿಯೇ ಹೋಗುವುದು ಅವರ ಪದ್ಧತಿ.

ಮೇಷ್ಟರ ಶಸ್ತ್ರಕ್ರಿಯೆ ಮರುದಿನ ಒಂದೂಕಾಲು ಗಂಟೆಯಲ್ಲಿ ಮುಗಿಯಿತು. ಕಣ್ಣು ತೆರೆದವರೇ ಅವರು ಕೇಳಿದ್ದು: "ಯಾವಾಗ ಶುರುಮಾಡುತ್ತೀರಮ್ಮ?"

"ಆಗಲೇ ಮುಗಿದುಹೋಯಿತು, ಮೇಷ್ಟ್ರೆ," ಎಂದರು ಡಾಕ್ಟರು. ಈ ವೃತ್ತಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇರೆ ಇಲ್ಲ.

ಹೊರಗೆ ಮೇಷ್ಟರ ಪತ್ನಿ ಗೋಡೆಗೆ ಒರಗಿ ನಿಂತಿದ್ದರು. ಹಸಿರು ಟೋಪಿ, ಹಸಿರು ಅಂಗಿಯಲ್ಲಿ ಬಂದವರನ್ನು ಗುರುತಿಸಲು ಅವರಿಗೆ ಒಂದು ಕ್ಷಣ ಹಿಡಿಯಿತು.

"ನೀವು ನಿನ್ನೆ ಹಲ್ಲು ನೋಡಿದವರಲ್ಲವೆ?"

"ಹೌದಮ್ಮ. ಹಲ್ಲೆಲ್ಲ ಸರಿಯಾಗಿವೆ. ಎಚ್ಚರವಾಗಿದ್ದಾರೆ, ಮಾತನಾಡಿದರು."

ಆಕೆ ಡಾಕ್ಟರ ಎರಡು ಕೈಗಳನ್ನೂ ಹಿಡಿದುಕೊಂಡರು. ಅಷ್ಟರಲ್ಲಿ ಫೋನು ಬಂತು. ಕುವೆಂಪುನಗರದಲ್ಲಿ ಒಂದು ಹೆರಿಗೆ ಕಷ್ಟವಾಗಿತ್ತು. ಡಾಕ್ಟರು ಕೈ ಬಿಡಿಸಿಕೊಂಡು ಬೇಗ ಬೇಗ ಮೆಟ್ಟಿಲಿಳಿದು ಹೋದರು. ಹೆಸರು ಕೇಳಲಿಲ್ಲವೆಂಬುದು ಮೇಷ್ಟರ ಪತ್ನಿಗೆ ಹೊಳೆದದ್ದು ಕಾರು ಗೇಟು ದಾಟಿದ ಮೇಲೆ. ಆ ಮನೆಯಲ್ಲಿ ಇಂದಿಗೂ ಅವರ ಮಾತು ಬಂದಾಗ ಎಲ್ಲರೂ ಹೇಳುವುದು, "ನಮ್ಮ ಹಲ್ಲು ನೋಡಿದ ಡಾಕ್ಟರು," ಎಂದೇ.